ಜಾವಾದಲ್ಲಿ ವಿಕಟಕವಿ: ಪ್ಯಾಲಿಂಡ್ರೋಮ್ ಕೊನೆಗೂ ಪಾಸ್

ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು (ಪ್ಯಾಲಿಂಡ್ರೋಮ್) ಗುರುತಿಸುವ ನನ್ನ ಪ್ರೋಗ್ರಾಂ ‘ವಿಕಟಕವಿ’ಗೆ ಕೊನೆಗೂ ‘ಟ್ರೂ’ ಎಂದಿತು. ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದವರಿಗೆ ಕೊಡುವ ಅಭ್ಯಾಸಗಳನ್ನೆಲ್ಲ ಕನ್ನಡ ಪದಗಳಲ್ಲೇ ಮಾಡುತ್ತಾ ಬಂದಿದ್ದೇನೆ. ಮಗ್ಗಿ, ಅವಿಭಾಜ್ಯ ಸಂಖ್ಯೆ, ಫಿಬೊನಾಚಿ ಎಲ್ಲ ಸಲೀಸಾಗಿ ಮುಗಿದವು. ಸ್ಟ್ರಿಂಗ್ (ಅಕ್ಷರಗಳ ಸಾಲು) ತಿರುಗಿಸುವ ಲೆಕ್ಕಕ್ಕೆ ಬಂದಾಗ ಎಲ್ಲವೂ ನಿಂತಿತು.

ಸ್ಟ್ರಿಂಗ್‌ಬಿಲ್ಡರ್‌ನ ರಿವರ್ಸ್ ಎಂಬುದು ಸ್ಟ್ರಿಂಗ್ ತಿರುಗಿಸಲು ಜಾವಾದಲ್ಲೇ ಇರುವ ಸೌಲಭ್ಯ. ‘ಗದಗ’ ಕೊಟ್ಟರೆ ಸರಿ. ‘ಕನಕ’ ಸರಿ. ‘ಕನ್ನಡ’ ಕೂಡ ‘ಡನ್ನಕ’ ಎಂದು ಸರಿಯಾಗಿಯೇ ತಿರುಗುತ್ತದೆ. ಅದು ಬರೀ ಅದೃಷ್ಟ: ವಿರಾಮದ (‘ನ್’ ಎಂಬಲ್ಲಿ ಸ್ವರ ತೆಗೆಯುವ ಚಿಹ್ನೆ) ಎರಡೂ ಕಡೆ ಒಂದೇ ‘ನ’ ಇದೆ. ‘ಬೆಂಗಳೂರು’ ಕೊಟ್ಟು ನೋಡಿ. ಲೆಂತ್ 8 ಎನ್ನುತ್ತದೆ, ತಿರುಗಿಸಿದರೆ ಕೊನೆಯ ಕೊಂಬು ಮೊದಲಿಗೆ ಬಂದು, ಅಕ್ಷರವೇ ಇಲ್ಲದ ಚುಕ್ಕಿ ವೃತ್ತದ ಮೇಲೆ ಕೂರುತ್ತದೆ. ನಮಗೆ ಬೇಕಾದದ್ದು ಬೆಂ-ಗ-ಳೂ-ರು ಎಂಬ ನಾಲ್ಕು ಅಕ್ಷರ. ಜಾವಾಗೆ ಕಾಣುವುದು ‘ಬ’, ಎತ್ವ, ಅನುಸ್ವಾರ ಹೀಗೆ ಬಿಡಿಬಿಡಿ ತುಂಡು. ಹಾಗಾಗಿ ‘ವಿಕಟಕವಿ’ ‘ಫಾಲ್ಸ್’ ಆಗುತ್ತಿತ್ತು.

ಒಂದು ವಿಷಯ ನನಗೆ ನಿಜಕ್ಕೂ ಬೇಜಾರು. ರಿವರ್ಸ್ ಮಾಡುವಾಗ ಇಮೋಜಿಯ ಸರೊಗೇಟ್ ಜೋಡಿ (ಒಂದೇ ಇಮೋಜಿಗೆ ಬಳಸುವ ಎರಡು ಸಂಕೇತ) ಒಡೆಯದಂತೆ ಜಾವಾ ನೋಡಿಕೊಳ್ಳುತ್ತದೆ. ನಮ್ಮ ಕಾಗುಣಿತಕ್ಕೆ ಆ ಕಾಳಜಿ ಇಲ್ಲ. 1991ರ ಮೊದಲ ಯೂನಿಕೋಡ್‌ನಲ್ಲೇ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆ) ಕನ್ನಡ ಇತ್ತು, ಅಲ್ವಾ?

ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ನಿಯಮ) ಅಕ್ಷರವನ್ನು ಅದರ ಚಿಹ್ನೆಗಳ ಸಮೇತ ಹಿಡಿಯುವ ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್ ಹಾಕಿದರೆ (ಜಾವಾ 9ರಿಂದ ಇದೆ) ಅರ್ಧ ದಾರಿ ಸಾಗುತ್ತದೆ. ‘ವಿ’, ‘ಳೂ’, ‘ಬೆಂ’ ಒಟ್ಟಿಗೇ ಬರುತ್ತವೆ. ಒತ್ತಕ್ಷರ ಮಾತ್ರ ಒಡೆಯುತ್ತದೆ. ‘ಲಕ್ಷ್ಮಿ’ ತಿರುಗಿ ‘ಮಿಷ್ಕ್ಲ’ ಆಯಿತು. ಬೇಕಿದ್ದದ್ದು ‘ಕ್ಷ್ಮಿಲ’.

ಹಾಗಾಗಿ ನಿಯಮವನ್ನು ನಾನೇ ಬರೆದೆ. ಮೊದಲು ಒಂದು ವ್ಯಂಜನ. ಆಮೇಲೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟು ಬೇಕಾದರೂ. ಆಮೇಲೆ ಗುಣಿತ ಚಿಹ್ನೆ ಅಥವಾ ವಿರಾಮ, ಇದ್ದರೆ. ಕೊನೆಗೆ ಅನುಸ್ವಾರ ಅಥವಾ ವಿಸರ್ಗ, ಇದ್ದರೆ. ಸ್ವರಗಳಿಗೆ ಬೇರೆ ಸಾಲು. ‘ವಿಕಟಕವಿ’ ಪಾಸ್, ‘ನವಜೀವನ’ ಪಾಸ್.

‘ಕುಬೇರನಿಗೇನಿರಬೇಕು’ ಮಾತ್ರ ಒಂದು ಫೈಲ್‌ನಿಂದ ಓದಿದಾಗ ಫೇಲ್! ಕೈಯಲ್ಲಿ ಟೈಪ್ ಮಾಡಿದರೆ ಪಾಸ್. ಆ ಪದಪಟ್ಟಿಯನ್ನು ದುಡ್ಡು ಕೊಟ್ಟು ತರಿಸಿದ್ದೆ. ಪೂರ್ತಿ ಯೂನಿಕೋಡ್ ಎಂದು ಹೇಳಿ ಮಾರಿದ್ದರು. ತೆರೆದು ನೋಡಿದರೆ ಒಂದಷ್ಟು ಭಾಗ ಹಳೆಯ ಆನ್ಸಿ ಫಾಂಟ್‌ನದು (ಇಂಗ್ಲಿಷ್ ಸಂಕೇತಗಳಿಗೇ ಕನ್ನಡ ರೂಪ ಕೊಟ್ಟ ಫಾಂಟ್), ಇಂಗ್ಲಿಷ್ ಅಕ್ಷರಗಳ ರಾಶಿ. ಉಳಿದದ್ದರಲ್ಲಿ ಕೆಲವು ಕಡೆ ‘ಬೇ’ಯ ಏತ್ವ ಒಂದೇ ಸಂಕೇತ, ಕೆಲವು ಕಡೆ ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತ. ತೆರೆಯ ಮೇಲೆ ಎರಡೂ ಒಂದೇ ಥರ. ಹೋಲಿಸಿ ನೋಡುವ ಈಕ್ವಲ್ಸ್‌ಗೆ ಬೇರೆ ಬೇರೆ. ನಾರ್ಮಲೈಸರ್ ಕ್ಲಾಸ್‌ನಲ್ಲಿ ಎನ್‌ಎಫ್‌ಸಿ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ರೂಪ) ಕೊಟ್ಟ ಮೇಲೆ ಸರಿಯಾಯಿತು. ಹಣ ಪಡೆದವರು ಇಷ್ಟನ್ನಾದರೂ ಮಾಡಿ ಕೊಡಬೇಕಿತ್ತು.

ಅತಿ ಹೆಚ್ಚು ಕಾಡಿದ್ದು ‘ರ‍್ಯಾಲಿ’. ತಿರುಗಿಸಿದರೆ ‘ಲಿಯಾರ’ ಬಂತು. ಯ ಒತ್ತೇ ಮಾಯ, ಎರರ್ ಕೂಡ ಇಲ್ಲ! ಇಲ್ಲಿ ಅರ್ಕಾವತ್ತು ಬರಬಾರದೆಂದು ‘ರ’ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕ ಒಂದನ್ನು ಹಾಕಿರುತ್ತಾರೆ. ಜೆಡ್‌ಡಬ್ಲ್ಯುಜೆ (ಜೀರೋ ವಿಡ್ತ್ ಜಾಯಿನರ್) ಎನ್ನುತ್ತಾರೆ, ಅದು. ನನ್ನ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿಯಮಕ್ಕೆ ಹೊಂದುವುದನ್ನು ಹುಡುಕುವ ಮ್ಯಾಚರ್‌ನ ಫೈಂಡ್ ತನಗೆ ಹೊಂದದ್ದನ್ನು ಸುಮ್ನೆ ದಾಟಿ ಹೋಗುತ್ತದೆ. ಜೋಡಕವೂ ಹೋಯಿತು, ಅದರ ನಂತರದ ವಿರಾಮವೂ ಹೋಯಿತು. ವಿರಾಮದ ಮುಂಚೆ ಜೋಡಕ ಇದ್ದರೂ ಇರಬಹುದು ಎಂದು ಸೇರಿಸಿದ್ದೇ ತಡ, ‘ಲಿರ‍್ಯಾ’ ಬಂತು. ‘ಸಾಫ್ಟ್‌ವೇರ್’ನಲ್ಲಿ ಅಡಗಿರುವ ಜೆಡ್‌ಡಬ್ಲ್ಯುಎನ್‌ಜೆಯನ್ನೂ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಅಕ್ಷರದ ಕೊನೆಗೆ ಅಂಟಿಸಿದೆ.

ನೀವೂ ಮಾಡುವುದಾದರೆ ಈ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಒಡೆದ ಅಕ್ಷರಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರೆ ಮೂಲ ಪದವೇ ಬರಬೇಕು. ಪ್ಯಾಲಿಂಡ್ರೋಮ್ ಪರೀಕ್ಷೆಗಿಂತ ಇದು ಜಾಸ್ತಿ ದೋಷ ಹಿಡಿಯುತ್ತದೆ.

ವಿಂಡೋಸ್ ಕನ್ಸೋಲ್‌ನಲ್ಲಿ ಕನ್ನಡದ ಬದಲು ಬರುವ ಪ್ರಶ್ನಾರ್ಥಕ ಚಿಹ್ನೆಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಜಾವಾ 18ರಿಂದ ಫೈಲ್ ಓದಲು ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಫೈಲ್‌ನಲ್ಲಿ ಇಡುವ ರೀತಿ) ತಾನಾಗಿಯೇ ಬರುತ್ತದೆ, ಅಷ್ಟು ನೆಮ್ಮದಿ.

ಅಕ್ಷರ ಒಡೆಯಲು ಬಂದ ಮೇಲೆ ಪ್ರಸ್ತಾರ ಹಾಕದೆ ಇರಲು ಆಗುತ್ತಾ? ಮುಂದಿನದು ಅದೇ. ಭಾಮಿನಿ ಷಟ್ಪದಿ ಕೊಟ್ಟರೆ ಲಘು-ಗುರು ಗುರುತಿಸಿ, 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ರಲ್ಲಿ 23 ಮಾತ್ರೆ ಇದೆಯೇ ಎಂದು ಹೇಳಬೇಕು. ಒತ್ತಕ್ಷರದ ಹಿಂದಿನದು ಗುರು, ಇದು ಸುಲಭ. ಆದರೆ ಕೊನೆಯ ‘ರ್’ ಥರದ ಬರೀ ವ್ಯಂಜನಕ್ಕೆ ತನ್ನದೇ ಮಾತ್ರೆ ಇಲ್ಲ. ಹಿಂದಿನ ಅಕ್ಷರವನ್ನು ಅದು ಗುರು ಮಾಡುತ್ತದೆ. ಅಂದರೆ ಒಡೆಯುವ ನಿಯಮವನ್ನು ಮತ್ತೆ ಬಿಚ್ಚಬೇಕು. ಹಳಗನ್ನಡದ ಶಿಥಿಲದ್ವಿತ್ವವನ್ನು (ಹಿಂದಿನ ಅಕ್ಷರವನ್ನು ಗುರು ಮಾಡದ ಒತ್ತಕ್ಷರ) ಕೋಡ್‌ನಲ್ಲಿ ಹಿಡಿಯುವ ದಾರಿ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.