ಡೀಮನ್ಸ್ ಸೋಲ್ಸ್: 40ಕ್ಕೆ 29 ಯಾಕೆ ಬಂತು?

2009ರ ಫೆಬ್ರವರಿ 5ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ 3ಕ್ಕೆ ‘ಡೀಮನ್ಸ್ ಸೋಲ್ಸ್’ ಬಂದಾಗ ಅಲ್ಲಿನ ಗೇಮ್ ಪತ್ರಿಕೆ ಫಾಮಿತ್ಸು ಕೊಟ್ಟದ್ದು 40ಕ್ಕೆ 29 ಅಂಕ. ನಾಲ್ವರು ವಿಮರ್ಶಕರು ತಲಾ ಹತ್ತರಲ್ಲಿ ಹಾಕಿದ ಅಂಕಗಳ ಮೊತ್ತ ಅದು. ಆ ಪತ್ರಿಕೆಯ ಲೆಕ್ಕದಲ್ಲಿ ಅದಕ್ಕೆ ‘ಪರವಾಗಿಲ್ಲ’ ಅನ್ನುವಷ್ಟೇ ಬೆಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಕಾಶಕ ಸಂಸ್ಥೆ ಅಟ್ಲಸ್ ಈ ಗೇಮನ್ನು ಅಮೆರಿಕಕ್ಕೆ ತಂದಿತು. ಗೇಮ್ ವಿಮರ್ಶೆಯ ತಾಣ ಗೇಮ್‌ಸ್ಪಾಟ್ ಇದನ್ನೇ ವರ್ಷದ ಅತ್ಯುತ್ತಮ ಗೇಮ್ ಎಂದು ಆರಿಸಿತು, ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ಸರಾಸರಿ ನೂರಕ್ಕೆ 89ಕ್ಕೆ ನಿಂತಿತು.

ಜಪಾನಿಗೆ ಹಿಡಿಸಲಿಲ್ಲ, ಹೊರಗಿನವರಿಗೆ ಹಿಡಿಸಿತು ಅನ್ನುವ ವಿವರಣೆ ನಿಲ್ಲುವುದಿಲ್ಲ. ಜಪಾನಿನಲ್ಲೂ ಆಡಿದವರ ಬಾಯಿಂದ ಬಾಯಿಗೆ ಹಬ್ಬಿಯೇ ಮಾರಾಟ ಏರಿದ್ದು. ನನ್ನ ಪ್ರಕಾರ ಉತ್ತರ ಗೇಮಿನ ಮೊದಲ ಹಂತದಲ್ಲೇ ಇದೆ.

ಟ್ಯುಟೋರಿಯಲ್ ಮುಗಿಯುವುದೇ ಆಟಗಾರನ ಸಾವಿನಲ್ಲಿ. ಅಲ್ಲಿಂದ ಎಲ್ಲ ಲೋಕಗಳಿಗೂ ದಾರಿಯಿರುವ ತಂಗುದಾಣ ನೆಕ್ಸಸ್‌ಗೆ ಬಂದಾಗ ಅವನು ದೇಹವಿಲ್ಲದ ಆತ್ಮ, ಪ್ರಾಣದ ಪಟ್ಟಿ ಅರ್ಧಕ್ಕೆ ಇಳಿದಿರುತ್ತದೆ. ನಂತರ ಬೊಲೆಟೇರಿಯಾ ಕೋಟೆಯ ಮೊದಲ ಹಂತ, 1-1. ಮಧ್ಯದಲ್ಲಿ ಚೆಕ್‌ಪಾಯಿಂಟ್ ಇಲ್ಲ. ಎಲ್ಲಿ ಸತ್ತರೂ ಮತ್ತೆ ಮೊದಲಿಂದ, ಅಷ್ಟೂ ಶತ್ರುಗಳು ಮತ್ತೆ ಎದ್ದು ನಿಂತಿರುತ್ತಾರೆ. ಶತ್ರುಗಳನ್ನು ಕೊಂದು ಗಳಿಸಿದ ಸೋಲ್‌ಗಳು (ಆತ್ಮಗಳು, ಈ ಗೇಮಿನ ನಾಣ್ಯ) ಸತ್ತ ಜಾಗದ ರಕ್ತದ ಕಲೆಯಲ್ಲಿ ಉಳಿಯುತ್ತವೆ. ಅಲ್ಲಿಗೆ ತಲುಪುವ ಮುಂಚೆ ಇನ್ನೊಮ್ಮೆ ಸತ್ತರೆ ಅವೂ ಹೋದವು. ಇದಕ್ಕಿಂತ ಮುಖ್ಯವಾದದ್ದು, ಹಂತದ ಕೊನೆಯ ಬಾಸ್, ಅಂದರೆ ದೊಡ್ಡ ಶತ್ರು, ಫ್ಯಾಲಾಂಕ್ಸ್ ಅನ್ನು ಸೋಲಿಸುವವರೆಗೆ ಲೆವೆಲ್ ಏರಿಸುವ ಅವಕಾಶವೇ ಇಲ್ಲ. ನೆಕ್ಸಸ್‌ನಲ್ಲಿ ಸೋಲ್‌ಗಳನ್ನು ಶಕ್ತಿಯಾಗಿ ಬದಲಿಸಿಕೊಡುವ ಕಪ್ಪುಡುಗೆಯ ಹುಡುಗಿ ಆ ಕೆಲಸ ಶುರು ಮಾಡುವುದು ಆಮೇಲೆಯೇ. ಅಂದರೆ ಫ್ಯಾಲಾಂಕ್ಸ್‌ಗೆ ಮುಂಚೆ ಕೈಬಿಟ್ಟವರು ರೋಲ್-ಪ್ಲೇಯಿಂಗ್ ಗೇಮಿನ ಅರ್ಧಭಾಗವನ್ನು ನೋಡಿಯೇ ಇರುವುದಿಲ್ಲ.

ಪ್ಲೇಸ್ಟೇಷನ್ ತಯಾರಿಸುವ ಸೋನಿಯ ಅಧಿಕಾರಿಯಾಗಿದ್ದ ಶುಹೇಯ್ ಯೋಶಿದಾ ಆದದ್ದನ್ನು ಮುಂದೆ ತಾವೇ ಒಪ್ಪಿಕೊಂಡರು: ಮುಗಿಯುತ್ತ ಬಂದಿದ್ದ ಗೇಮನ್ನು ಸುಮಾರು ಎರಡು ಗಂಟೆ ಆಡಿದರೂ ಶುರುವಿನ ಜಾಗ ದಾಟಲಾಗದೆ, ಇದು ತೀರಾ ಕೆಟ್ಟದ್ದೆಂದು ಬದಿಗಿಟ್ಟಿದ್ದರು. ಅಮೆರಿಕ, ಯುರೋಪುಗಳಲ್ಲಿ ಇದನ್ನು ಸೋನಿಯೇ ಪ್ರಕಟಿಸದೆ ಹೋದದ್ದಕ್ಕೆ ಹಿನ್ನೆಲೆ ಇದು.

ಹಾಗಾದರೆ ಆ ಎರಡು ಗಂಟೆಯಲ್ಲಿ ಕಾಣದೆ ಉಳಿಯುವುದೇನು? 1-1ರಲ್ಲೇ ಕ್ಲಿಂಗ್ ರಿಂಗ್ ಬಿದ್ದಿದೆ. ಅದನ್ನು ತೊಟ್ಟರೆ ಆತ್ಮರೂಪದಲ್ಲಿ ಪ್ರಾಣ 50ರ ಬದಲು ಶೇ. 75ರವರೆಗೆ ನಿಲ್ಲುತ್ತದೆ. ಶುರುವಿನಲ್ಲೇ ಕಣ್ಣೆದುರಿಗಿರುವ ದೊಡ್ಡ ಬಾಗಿಲನ್ನು ಗೋಡೆಗಳ ಮೇಲೆಲ್ಲ ಸುತ್ತಿ ಬಂದು ಒಳಗಿನಿಂದ ಒಮ್ಮೆ ತೆರೆದರೆ ಸಾಕು, ಮುಂದಿನ ಸಲದಿಂದ ಫ್ಯಾಲಾಂಕ್ಸ್ ಹತ್ತಿರವೇ. ಅದರ ಮೈಗೆ ಅಂಟಿಕೊಂಡ ಗುರಾಣಿಯ ಮುದ್ದೆಗಳನ್ನು ಬರೀ ಕತ್ತಿಯಿಂದ ಕೆಡವಲು ಹೋದರೆ ಸಾಕುಸಾಕಾಗುತ್ತದೆ. ಫೈರ್‌ಬಾಂಬ್ ಎಸೆದರೆ, ಇಲ್ಲವೇ ಕತ್ತಿಗೆ ಬೆಂಕಿ ಹೊತ್ತಿಸುವ ಟರ್ಪಂಟೈನ್ ಹಚ್ಚಿಕೊಂಡರೆ ಅದೇ ಮೊದಲ ಹಂತದ ಬಾಸ್ ನಿಮಿಷಗಳಲ್ಲಿ ಕರಗುತ್ತದೆ. ಕಷ್ಟ ಇರುವುದು ಬೆರಳಿನ ವೇಗದಲ್ಲಲ್ಲ, ಗಮನಿಸುವುದರಲ್ಲಿ. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿಯ ಕಸುಬೇ ಇದು. ಡೆಡ್‌ಲೈನಿಗೆ ಓಡುವ ವಿಮರ್ಶಕರ ಕೈಗೆ ಇದು ಸಿಗುವುದು ಕಷ್ಟ.

ನೆಲದ ಮೇಲಿನ ಬರಹಗಳ ಕತೆಯೂ ಹಾಗೇ. ಸಿದ್ಧ ನುಡಿಗಟ್ಟುಗಳನ್ನು ಜೋಡಿಸಿ ಆಟಗಾರರು ಒಬ್ಬರಿಗೊಬ್ಬರು ಬಿಟ್ಟುಹೋಗುವ ಸೂಚನೆ ಅವು. ಯಾರಾದರೂ ಅದನ್ನು ಮೆಚ್ಚಿದರೆ ಬರೆದವನ ಪ್ರಾಣ ತುಂಬಿಕೊಳ್ಳುತ್ತದೆ. ಸಾವಿರಾರು ಜನ ಆಡುತ್ತಿರುವಾಗ ಮಾತ್ರ ಇದಕ್ಕೆ ಜೀವ ಬರುವುದು. ಬಿಡುಗಡೆಗೆ ಮುಂಚೆ ಒಂಟಿಯಾಗಿ ಆಡಿದವರಿಗೂ ಅಕ್ಟೋಬರಿನಲ್ಲಿ ಆಡಿದವರಿಗೂ ಸಿಕ್ಕ ಗೇಮ್ ಒಂದೇ ಅಲ್ಲ. ಅಷ್ಟೊತ್ತಿಗೆ ಏಷ್ಯಾ ಆವೃತ್ತಿಯಲ್ಲಿದ್ದ ಇಂಗ್ಲಿಷ್ ಪಠ್ಯದ ನೆರವಿನಿಂದ ಡಿಸ್ಕ್ ತರಿಸಿಕೊಂಡು ಆಡಿದವರು ಗುಟ್ಟುಗಳನ್ನು ಬಿಡಿಸಿ ಹಂಚಿಯೂ ಆಗಿತ್ತು.

ಹೊಗಳಿದ ವಿಮರ್ಶೆಗಳಲ್ಲೂ ತೂಕ ತಪ್ಪಿದ್ದಿದೆ. ಗೇಮಿನ ಒಂದೊಂದು ಲೋಕವೂ ಕಪ್ಪಿನತ್ತಲೋ ಬಿಳಿಯತ್ತಲೋ ವಾಲುವ ‘ವರ್ಲ್ಡ್ ಟೆಂಡೆನ್ಸಿ’ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ದೇಹರೂಪದಲ್ಲಿ ಒಂದು ಲೋಕದಲ್ಲಿ ಸತ್ತರೆ ಆ ಲೋಕ ಕಪ್ಪಿನತ್ತ ಜಾರುತ್ತದೆ, ಶತ್ರುಗಳು ಬಲಿಯುತ್ತಾರೆ. ಬಾಸ್ ಸತ್ತರೆ ಬಿಳಿಯತ್ತ ತಿರುಗುತ್ತದೆ. ಪದೇ ಪದೇ ಸೋಲುವವನಿಗೇ ಗೇಮು ಇನ್ನಷ್ಟು ಗಡುಸಾಗುತ್ತದೆ ಎಂದಾಯಿತು, ಇದನ್ನು ಅದು ಸರಿಯಾಗಿ ಹೇಳುವುದೂ ಇಲ್ಲ. ಬಲ್ಲವರು ಬಾಸ್ ಕೊಂದು ದೇಹ ಮರಳಿದ ಕೂಡಲೇ ನೆಕ್ಸಸ್‌ಗೆ ಬಂದು ಎತ್ತರದಿಂದ ಹಾರಿ ಸಾಯುತ್ತಾರೆ. ಅಲ್ಲಿ ಸತ್ತರೆ ಯಾವ ಲೋಕವೂ ಕಪ್ಪಾಗುವುದಿಲ್ಲ. ಇಂಥ ಉಪಾಯ ಬೇಕಾಗುವ ವ್ಯವಸ್ಥೆಯನ್ನು ‘ನಿಗೂಢ’ ಎಂದು ಮೆಚ್ಚಿದ್ದು ನನಗೆ ಒಪ್ಪಿಗೆಯಿಲ್ಲ, ಅದು ವಿನ್ಯಾಸದ ದೋಷವೇ. ಪ್ರಾಣ ತುಂಬುವ ಹುಲ್ಲಂತೂ ಒಂದೊಂದು ಬಗೆಯದು 99ರವರೆಗೆ ಹೊರಬಹುದಿತ್ತು. ಕೂಡಿಟ್ಟುಕೊಂಡು ಬಂದವನಿಗೆ ಬಾಸ್‌ನ ಪೆಟ್ಟು ಪೆಟ್ಟೇ ಅಲ್ಲ. ‘ಅತಿ ಕಠಿಣ’ ಎಂಬ ಬಿರುದು ಕೊಟ್ಟವರಲ್ಲಿ ಇದನ್ನು ಎತ್ತಿದವರು ಕಡಿಮೆ.

2020ರ ನವೆಂಬರ್ 12ರಂದು ಬ್ಲೂಪಾಯಿಂಟ್ ಮಾಡಿದ ಪ್ಲೇಸ್ಟೇಷನ್ 5ರ ರೀಮೇಕ್ ಹುಲ್ಲಿಗೂ ಭಾರ ಹಾಕಿ ಈ ಕಂಡಿ ಮುಚ್ಚಿತು, ಹೆಚ್ಚಾದ ವಸ್ತುಗಳನ್ನು ಇದ್ದಲ್ಲಿಂದಲೇ ಉಗ್ರಾಣಕ್ಕೆ ಕಳಿಸುವ ಅನುಕೂಲ ಕೊಟ್ಟಿತು. ವರ್ಲ್ಡ್ ಟೆಂಡೆನ್ಸಿಯನ್ನು ಮಾತ್ರ ಉಳಿಸಿಕೊಂಡಿತು. ಮೆಟಾಕ್ರಿಟಿಕ್ ಸರಾಸರಿ 92. ಹಳೆಯ ಆಟಗಾರರ ತಕರಾರು ಹೆಚ್ಚಾಗಿ ಬದಲಾದ ಸಂಗೀತ ಮತ್ತು ಶತ್ರುಗಳ ಹೊಸ ಮುಖಗಳ ಮೇಲೆ.

ಆಟಗಾರರ ಬರಹಗಳನ್ನು ಹಂಚುತ್ತಿದ್ದ ಮೂಲ ಗೇಮಿನ ಸರ್ವರ್‌ಗಳು 2018ರ ಫೆಬ್ರವರಿ 28ರಂದು ನಿಂತವು. 89 ಅಂಕ ಪಡೆದ ಆ ಡಿಸ್ಕನ್ನೇ ಇಂದು ಪ್ಲೇಸ್ಟೇಷನ್ 3ಕ್ಕೆ ಹಾಕಿದರೆ ಬೊಲೆಟೇರಿಯಾದ ನೆಲದ ಮೇಲೆ ಬೇರೆ ಆಟಗಾರರ ಒಂದು ಬರಹವೂ ಇರುವುದಿಲ್ಲ.