ಬಾವಿ ನೀರು ಮತ್ತು ಕಣ್ಣಿನ ಲೆನ್ಸ್

ನನ್ನ ಎರಡೂ ಕಣ್ಣಿಗೆ ಮೈನಸ್ ಆರು ಪವರಿದೆ. ಕನ್ನಡಕ ತೆಗೆದರೆ, ಪುಸ್ತಕವನ್ನು ಒಂದು ಗೇಣಿಗಿಂತಲೂ ಹತ್ತಿರ ಹಿಡಿದಾಗ ಮಾತ್ರ ಅಕ್ಷರಗಳು ಕಾಣುತ್ತವೆ. ಹೈಸ್ಕೂಲಿನಿಂದ ಮೂಗಿನ ಮೇಲೆ ಕುಳಿತಿದ್ದ ಆ ದಪ್ಪ ಗಾಜಿನ ಮೇಲೆ ನನಗೆ ವಿಶೇಷ ಸಿಟ್ಟೇನೂ ಇರಲಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಮುಗಿಯಿತು ಎನ್ನುವಷ್ಟರಲ್ಲಿ ಅಡಿಕೆ ಬೇಯಿಸುವ ಕಾಲ ಬರುತ್ತದೆ. ಮಳೆಯಲ್ಲಿ ಹನಿಗಳನ್ನು ಒರೆಸಿ ಸಾಕಾಗಿದ್ದವಳು ಹಂಡೆಯ ಹತ್ತಿರ ಬಗ್ಗಿದರೆ ಚೊಗರಿನ ಆವಿ ಕನ್ನಡಕಕ್ಕೆ ಬಡಿದು, ಎದುರಿಗಿದ್ದ ಒಲೆಯೂ ಕಾಣದಂತಾಗುತ್ತಿತ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಲು ನನಗೆ ಅಷ್ಟು ಕಾರಣ ಸಾಕಾಯಿತು. ಚೆಂದ ಕಾಣಲು ಹಾಕಿಕೊಂಡಳೆಂದು ನೆಂಟರು ಆಡಿಕೊಂಡಿದ್ದನ್ನು ನಾನು ತಿದ್ದಲು ಹೋಗಲಿಲ್ಲ.

ಲೆನ್ಸಿನ ಪೊಟ್ಟಣದ ಮೇಲೆ ಮೈನಸ್ 5.50 ಎಂದು ನೋಡಿ, ಅಂಗಡಿಯವರು ತಪ್ಪಿದರೆಂದೇ ಭಾವಿಸಿದ್ದೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ನಿಲ್ಲುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಆದ್ದರಿಂದ ಹೆಚ್ಚು ಪವರ್ ಇರುವ ಸಮೀಪದೃಷ್ಟಿಯವರಿಗೆ ಲೆನ್ಸಿನ ಸಂಖ್ಯೆಯನ್ನು ಸ್ವಲ್ಪ ಇಳಿಸಬೇಕಾಗುತ್ತದೆ ಎಂದು ಅಲ್ಲಿದ್ದವರು ವಿವರಿಸಿದರು. ಮೈನಸ್ ಗಾಜು ವಸ್ತುಗಳನ್ನು ಚಿಕ್ಕದಾಗಿ ತೋರಿಸುತ್ತದೆಂಬುದು ನನಗೆ ಗೊತ್ತಾದದ್ದೂ ಅಂದೇ: ಲೆನ್ಸ್ ಹಾಕಿಕೊಂಡು ಬೀದಿಗಿಳಿದರೆ ಬಸ್ಸಿನ ಬೋರ್ಡುಗಳೂ ಜನರ ಮುಖಗಳೂ ಒಂದು ಸುತ್ತು ದೊಡ್ಡದಾಗಿದ್ದವು.

ಹಾಕಿಕೊಳ್ಳಲು ಕಲಿಯುವುದೇ ಒಂದು ಪಾಡು. ತೋರುಬೆರಳ ತುದಿಯಲ್ಲಿ ಲೆನ್ಸನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು. ಅದು ಬಟ್ಟಲಿನಂತೆ ನೆಟ್ಟಗೆ ನಿಂತಿದ್ದರೆ ಸರಿ, ಅಂಚು ತಟ್ಟೆಯಂತೆ ಹೊರಕ್ಕೆ ಚಾಚಿದ್ದರೆ ಒಳಹೊರಗಾಗಿದೆ ಎಂದರ್ಥ. ಮತ್ತೊಂದು ಕೈಯಿಂದ ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿದರೂ, ಬೆರಳು ಹತ್ತಿರ ಬರುತ್ತಿದ್ದಂತೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊದಲ ದಿನ ಬಲಗಣ್ಣೊಂದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಒಂದೇ ಸಲ ತೊಳೆದು ಲೆನ್ಸ್ ಮುಟ್ಟಿದ ದಿನದ ಕಥೆಯನ್ನು ಇಲ್ಲಿ ಬರೆಯುವುದಿಲ್ಲ.

ಈ ಮೆದು ಲೆನ್ಸಿಗೆ ದಾರಿ ಮಾಡಿಕೊಟ್ಟವರು ಚೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ. ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್ಕನ್ನು ಸಹೋದ್ಯೋಗಿಯೊಡನೆ ಮೊದಲೇ ರೂಪಿಸಿದ್ದ ಅವರು, 1961ರ ಕ್ರಿಸ್ಮಸ್ ಸಮಯದಲ್ಲಿ ಮನೆಯಲ್ಲೇ ಮಕ್ಕಳ ಆಟಿಕೆಯ ಲೋಹದ ಬಿಡಿಭಾಗಗಳಿಗೆ ಸೈಕಲ್ ಡೈನಮೋ ಜೋಡಿಸಿ, ತಿರುಗುವ ಅಚ್ಚಿನಲ್ಲಿ ಲೆನ್ಸುಗಳನ್ನು ಎರಕ ಹೊಯ್ದರು. ಅಮೆರಿಕದಲ್ಲಿ ಮೆದು ಲೆನ್ಸಿನ ಮಾರಾಟಕ್ಕೆ ಅನುಮತಿ ಸಿಕ್ಕಿದ್ದು 1971ರಲ್ಲಿ. ನೀರು ಹೀರುವ ಗುಣವೇ ಆ ಪ್ಲಾಸ್ಟಿಕ್ಕಿನ ಹೆಚ್ಚುಗಾರಿಕೆ, ಅದರಿಂದಲೇ ಅದು ಕಣ್ಣಿಗೆ ಒತ್ತುವುದಿಲ್ಲ. ನಾನು ಪೆಟ್ಟು ತಿಂದದ್ದೂ ಆ ಗುಣದಿಂದಲೇ.

ಒಮ್ಮೆ ರಜೆಗೆ ಊರಿಗೆ ಹೋದಾಗ ರಾತ್ರಿ ಲೆನ್ಸ್ ನೆನೆಸಿಡುವ ಸಲ್ಯೂಷನ್ನಿನ ಬಾಟಲಿಯನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದೆ. ರಾತ್ರಿ ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಅಜ್ಜಿ, 'ಈ ಬಾವಿ ನೀರು ಕುಡ್ದೇ ನಾನು ಎಂಬತ್ತು ವರ್ಷ ಬದ್ಕಿಲ್ವನೇ? ನಿನ್ನ ಕಣ್ಣಿಗೆ ಮಾತ್ರ ಆಗಲ್ವ?' ಎಂದರು. ನಮ್ಮ ಬಾವಿಯ ನೀರು ಕನ್ನಡಿಯಂತಿರುತ್ತದೆ. ಲೆನ್ಸ್ ಡಬ್ಬಿಗೆ ಅದನ್ನೇ ತುಂಬಿಸಿಟ್ಟು, ಬೆಳಿಗ್ಗೆ ಹಾಕಿಕೊಂಡೆ. ಸಾದಾ ನೀರಿನಲ್ಲಿ ಉಬ್ಬಿದ ಲೆನ್ಸ್ ಕಣ್ಣಿಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಸಂಜೆ ಎಳೆದು ತೆಗೆಯುವಷ್ಟರಲ್ಲಿ ಕಣ್ಣು ಕೆಂಡವಾಗಿ, ಬಲ್ಬಿನ ಬೆಳಕನ್ನೂ ನೋಡಲಾಗುತ್ತಿರಲಿಲ್ಲ.

ಮರುದಿನ ಕಣ್ಣಾಸ್ಪತ್ರೆಯಲ್ಲಿ ವೈದ್ಯರು ಕಿತ್ತಳೆ ಬಣ್ಣದ ಪಟ್ಟಿಯೊಂದನ್ನು ರೆಪ್ಪೆಯ ಒಳಗೆ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲೆ ತರಚಿದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದಂತೆ. ಪುಣ್ಯಕ್ಕೆ ನನ್ನದು ಬರೀ ತರಚು ಗಾಯವಾಗಿತ್ತು. ಆದರೆ ಬಾವಿ, ನಲ್ಲಿ, ಕೆರೆ, ಹೊಳೆ ಎಲ್ಲೆಡೆಯ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದೆಂದೂ, ಕುಡಿದರೆ ಸಾಮಾನ್ಯವಾಗಿ ತೊಂದರೆ ಕೊಡದ ಅದು ಲೆನ್ಸಿನ ಅಡಿಯಲ್ಲಿ ಸೇರಿ, ತರಚಿದ ಕಾರ್ನಿಯಾಕ್ಕೆ ಇಳಿದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆಂದೂ, ಕೆಲವರಿಗೆ ದೃಷ್ಟಿಯೇ ಹೋಗುತ್ತದೆಂದೂ ಅವರು ಸಾವಧಾನವಾಗಿ ಹೇಳಿದರು. ಎರಡು ವಾರ ಹನಿ ಔಷಧಿ, ಲೆನ್ಸ್ ಬಂದ್. ಹಳೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿಸಿದರು.

ಅಂದಿನಿಂದ ನನ್ನ ಲೆನ್ಸಿನ ಹತ್ತಿರ ನೀರಿಗೆ ಪ್ರವೇಶವಿಲ್ಲ. ಕೈಯನ್ನು ಸೋಪಿನಿಂದ ತೊಳೆದ ಮೇಲೆ ಪೂರ್ತಿ ಒರೆಸಿಯೇ ಮುಟ್ಟುತ್ತೇನೆ, ಸ್ನಾನಕ್ಕೆ ಮೊದಲೇ ತೆಗೆದಿಡುತ್ತೇನೆ, ಡಬ್ಬಿಯ ಹಳೆಯ ಸಲ್ಯೂಷನ್ನಿಗೆ ಹೊಸದನ್ನು ಬೆರೆಸದೆ ಪೂರ್ತಿ ಚೆಲ್ಲುತ್ತೇನೆ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುತ್ತದೆ, ರೆಪ್ಪೆ ಮುಚ್ಚಿದರೆ ಅದಕ್ಕೆ ಸಿಗುವ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟರೆ, ಬಸ್ ಹತ್ತುವ ಮುಂಚೆಯೇ ಲೆನ್ಸ್ ತೆಗೆದು ಕನ್ನಡಕ ಏರಿಸುತ್ತೇನೆ. ಊರಿಗೆ ಈಗ ಒಯ್ಯುವುದು ದಿನಕ್ಕೊಂದು ಜೊತೆ ಹಾಕಿ ಎಸೆಯುವ ಲೆನ್ಸುಗಳನ್ನು. ದುಬಾರಿ ನಿಜ, ಆದರೆ ಅವಕ್ಕೆ ಡಬ್ಬಿಯೂ ಬೇಡ, ಸಲ್ಯೂಷನ್ನೂ ಬೇಡ.

ಅಜ್ಜಿಗೆ ಬಾವಿಯ ಮೇಲಿನ ಆ ಅಪವಾದ ಇನ್ನೂ ಸರಿಕಂಡಿಲ್ಲ. ಆದರೂ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆಯಲ್ಲಿ ನೀರು ಕಾದಿದೆಯೆಂದು ಕರೆಯುವಾಗ, 'ಕಣ್ಣೊಳಗಿಂದು ತೆಗ್ದಿಟ್ಯೇನೇ?' ಎಂದು ಮೊದಲು ಕೇಳುತ್ತಾರೆ.