ಬಚ್ಚಲೊಲೆಯೊಳಗಿನ ಕಬ್ಬಿಣದ ಪೆಟ್ಟಿಗೆ

ಉಡುಪಿಯಿಂದ ಹಿರಿಯಡಕಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಹಳೆಯ ಮನೆಯ ಬಚ್ಚಲುಕೊಟ್ಟಿಗೆಯಲ್ಲಿ ಮುರಕಲ್ಲಿನಿಂದ ಕಟ್ಟಿದ ದೊಡ್ಡ ಒಲೆಯಿದೆ. ಅದರ ಮೇಲೆ 60 ಲೀಟರ್ ಹಿಡಿಯುವ ತಾಮ್ರದ ಹಂಡೆ. ತೋಟದಲ್ಲಿ ಬೀಳುವ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ ಎಲ್ಲವೂ ಆ ಒಲೆಗೇ ಹೋಗುತ್ತವೆ. ಮಾಡಿನ ಮೇಲೆ ಸೋಲಾರ್ ಬಂದ ಮೇಲೂ ಮಳೆಗಾಲದ ನಾಲ್ಕು ತಿಂಗಳು ಬಿಸಿನೀರಿಗೆ ನಮಗೆ ಅದೇ ಗತಿ. ಹೊಗೆ ಕಡಿಮೆಯಾಗಲಿ, ಕಟ್ಟಿಗೆಯೂ ಉಳಿಯಲಿ ಎಂದು ಕಳೆದ ಮೇ ತಿಂಗಳಲ್ಲಿ ಹಳೆಯ ಒಲೆಯ ಬಾಯೊಳಗೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೂರಿಸಿದೆವು. 4 ಮಿ.ಮೀ. ದಪ್ಪದ ತಗಡು, ಮುಂದೆ ಬಾಗಿಲು, ಒಳಗೆ ಜಾಲರಿ, ಹಿಂದೆ 4 ಇಂಚಿನ ಹೊಗೆಕೊಳವೆ, ಮೇಲೆ ಹಂಡೆ ಕೂರುವಷ್ಟು ದುಂಡಗಿನ ತೂತು. ಜೋಡಿಸಲು ಬಂದವರು ಅರ್ಧ ದಿನದಲ್ಲಿ ಕೆಲಸ ಮುಗಿಸಿ, ಸುತ್ತಲೂ ಬಿಗಿಯಾಗಿ ಸಿಮೆಂಟು ಮೆತ್ತಿ, ಹಣ ಎಣಿಸಿಕೊಂಡು ಹೋದರು.

ಮರುದಿನ ಬೆಳಗ್ಗೆ ಬೆಂಕಿ ಹಾಕಿದೊಡನೆ ಒಲೆ ಮಾತನಾಡಲು ತೊಡಗಿತು. ಮೊದಲು ಟಕ್ ಟಕ್ ಎಂದು ಉಗುರಿನಿಂದ ಕುಟ್ಟಿದಂತೆ, ಸ್ವಲ್ಪ ಹೊತ್ತಿನಲ್ಲಿ ಡಬ್ಬದ ತಳವನ್ನು ಒತ್ತಿ ಬಿಟ್ಟಂತೆ ‘ಢಬ್’ ಎಂದು, ಆಮೇಲೆ ಸಣ್ಣದೊಂದು ಶಿಳ್ಳೆ. ಒಂದು ವಾರ ಒಲೆಯ ಮುಂದೆ ಮಣೆ ಹಾಕಿ ಕುಳಿತು ಕೇಳಿದ ಮೇಲೆಯೇ, ನಾವು ಒಟ್ಟಾಗಿ ಬೈಯುತ್ತಿದ್ದ ಗಲಾಟೆ ಬೇರೆ ಬೇರೆ ಕಾರಣಗಳ ಬೇರೆ ಬೇರೆ ಸದ್ದುಗಳೆಂಬುದು ನನಗೆ ತಿಳಿದದ್ದು. ಸದ್ದು ಯಾವಾಗ ಬರುತ್ತದೆ, ಬೆಂಕಿ ಏರುವಾಗಲೋ ಆರುವಾಗಲೋ, ಹಂಡೆ ತುಂಬಿರುವಾಗಲೋ ಖಾಲಿಯಾಗುವಾಗಲೋ ಎಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾ ಹೋದೆ.

ಟಕ್ ಟಕ್ ಸದ್ದಿನ ಕಾರಣ ಕಾಗದದ ಮೇಲಿನ ಲೆಕ್ಕದಲ್ಲಿಯೇ ಸಿಕ್ಕಿತು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಪ್ರತಿ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ನಮ್ಮ ಪೆಟ್ಟಿಗೆಯ ಉದ್ದ 60 ಸೆಂ.ಮೀ.; ತಗಡು 300 ಡಿಗ್ರಿಯಷ್ಟು ಬಿಸಿಯೇರಿತೆಂದರೆ ಅದು 2 ಮಿ.ಮೀ.ಗಿಂತ ತುಸು ಹೆಚ್ಚೇ ಬೆಳೆಯಬೇಕು. ಸುತ್ತಲಿನ ಮುರಕಲ್ಲಾದರೋ ಆ ಹೊತ್ತಿಗೆ ಇನ್ನೂ ತಣ್ಣಗೇ ಇರುತ್ತದೆ. ಬೆಳೆಯಲು ಜಾಗವಿಲ್ಲದ ತಗಡು ಸಿಮೆಂಟಿಗೆ ಉಜ್ಜಿಕೊಂಡು ಇಷ್ಟಿಷ್ಟೇ ಜಾರುವಾಗ ಟಕ್ ಎನ್ನುತ್ತದೆ. ಜಾರಲೂ ಆಗದಿದ್ದಾಗ ನಡುವಿನಲ್ಲಿ ಉಬ್ಬಿ ಢಬ್ ಎನ್ನುತ್ತದೆ. ಸಿಮೆಂಟು ಮೂರನೆಯ ದಿನವೇ ಬಿರುಕು ಬಿಟ್ಟಿದ್ದುದು ಇದಕ್ಕೆ ಸಾಕ್ಷಿ. ಹೆಚ್ಚಾಗಿ ಮಣ್ಣು ಮತ್ತು ಇಟ್ಟಿಗೆಯಿಂದಲೇ ಕಟ್ಟುವ ಅಸ್ತ್ರ ಒಲೆ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಕೊಡುಗೆಯದು) ನಮ್ಮ ಅತ್ತೆಯ ಮನೆಯಲ್ಲಿ ಬಹಳ ಕಾಲ ಇತ್ತು. ಅದು ಒಮ್ಮೆಯೂ ಹೀಗೆ ಸದ್ದು ಮಾಡಿದ್ದನ್ನು ನಾನು ಕೇಳಿಲ್ಲ. ಕಲ್ಲಿನ ನಡುವೆ ಕಬ್ಬಿಣವನ್ನು ತಂದು ತುರುಕಿದಾಗಲೇ ಈ ತಕರಾರು.

ಇನ್ನೊಂದು ಸದ್ದು ನನ್ನನ್ನು ಹೆಚ್ಚು ದಿನ ಕಾಡಿತು. ಹಂಡೆ ತುಂಬಿರುವಾಗ ಇಲ್ಲದ ಗಡಗಡ ಸದ್ದು, ಮೂರನೆಯವರ ಸ್ನಾನ ಮುಗಿಯುವ ಹೊತ್ತಿಗೆ ಬರುತ್ತಿತ್ತು. ಬಚ್ಚಲಿನ ನೆಲ ನೀರು ಹರಿದು ಹೋಗಲೆಂದು ಒಂದು ಬದಿಗೆ ಇಳಿಜಾರಾಗಿರುತ್ತದೆ ಎಂಬುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಪೆಟ್ಟಿಗೆಯ ಮೂರು ಕಾಲುಗಳು ಮಾತ್ರ ನೆಲಕ್ಕೆ ತಾಗಿದ್ದವು. ನಾಲ್ಕನೆಯದರ ಅಡಿಗೆ ಹಂಚಿನ ಚೂರೊಂದನ್ನು ತೂರಿಸಿದ್ದರು. 60 ಲೀಟರ್ ನೀರೆಂದರೆ 60 ಕಿಲೋ ಭಾರ. ಅಷ್ಟು ಭಾರ ಮೇಲಿರುವ ತನಕ ಪೆಟ್ಟಿಗೆ ಅಲುಗದೆ ಕೂರುತ್ತಿತ್ತು, ನೀರು ಕಡಿಮೆಯಾದಂತೆ ಕಟ್ಟಿಗೆ ದೂಡಿದಾಗಲೆಲ್ಲ ತೂಗಾಡುತ್ತಿತ್ತು.

ಈ ಎರಡೂ ಸದ್ದುಗಳು ಬರೀ ಕಿರಿಕಿರಿ. ಶಿಳ್ಳೆಯಲ್ಲಿ ಅಪಾಯವಿತ್ತು. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸಂದುಗಳ ಬಳಿ ಹಿಡಿಯುತ್ತಾ ಹೋದರೆ, ಹಿಂದೆ ಕೊಳವೆ ಸೇರುವಲ್ಲಿ ಬತ್ತಿಯ ಹೊಗೆ ಸರ್ರನೆ ಒಳಗೆ ಎಳೆದುಕೊಂಡಿತು. ರಾತ್ರಿ ದೀಪ ಆರಿಸಿ ಪೆಟ್ಟಿಗೆಯೊಳಗೆ ಟಾರ್ಚ್ ಇಟ್ಟು ನೋಡಿದರೆ ಅದೇ ಜಾಗದಲ್ಲಿ ಬೆರಳಗಲದ ಬೆಳಕು. ಮೇಲಿನ ಸ್ಥಿತಿ ಇನ್ನೂ ಕೆಟ್ಟದ್ದಾಗಿತ್ತು: 4 ಇಂಚಿನ ಕೊಳವೆಯನ್ನು 9 ಇಂಚು ಚೌಕದ ಹಳೆಯ ಚಿಮಣಿಯೊಳಗೆ ಒಂದಡಿ ತೂರಿಸಿ ಬಿಟ್ಟಿದ್ದರು. ಹನ್ನೆರಡೂವರೆ ಚದರ ಇಂಚಿನ ದಾರಿಯಲ್ಲಿ ಬಂದ ಹೊಗೆ ಏಕಾಏಕಿ 81 ಚದರ ಇಂಚಿನ ಬಯಲಿಗೆ ಬಿದ್ದು, ವೇಗ ಕಳೆದುಕೊಂಡು ತಣ್ಣಗಾಗುತ್ತಿತ್ತು. ಒದ್ದೆ ಸಿಪ್ಪೆಯ ಹೊಗೆ ಹೀಗೆ ತಣ್ಣಗಾದರೆ ಡಾಮರಿನಂತೆ ಗೋಡೆಗೆ ಅಂಟುತ್ತದೆ. ದಪ್ಪಗಾದ ಮೇಲೆ ಅದಕ್ಕೇ ಬೆಂಕಿ ಹಿಡಿಯಬಹುದು. ಮೇಲಾಗಿ, ಚಿಮಣಿಯ ತುದಿ ಮಾಡಿನ ಕೋಡಿಗಿಂತ ಕೆಳಗಿದ್ದುದರಿಂದ ಜೂನಿನಲ್ಲಿ ಪಡುವಣ ಗಾಳಿ ಬೀಸಿದಾಗ ಹೊಗೆ ಕೆಳಕ್ಕೆ ತಿರುಗಿ, ಶಿಳ್ಳೆ ಹಾಕುತ್ತಿದ್ದ ಅದೇ ಸಂದಿಯಿಂದ ಬಚ್ಚಲಿಗೆ ನುಗ್ಗುತ್ತಿತ್ತು. ಕಣ್ಣುರಿಸುವ ಹೊಗೆಯನ್ನಾದರೂ ನಾವು ಗುರುತಿಸುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು, ಕಿಟಕಿ ಮುಚ್ಚಿ ಮೀಯುವ ಜಾಗದಲ್ಲಿ ಇದು ತಮಾಷೆಯ ವಿಷಯವಲ್ಲ. ಅಂದಿನಿಂದ ದುರಸ್ತಿಯಾಗುವ ತನಕ ಮನೆಯವರೆಲ್ಲ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಒಳಗಿನ ಬಾತ್‌ರೂಮಿನಲ್ಲಿ ಸ್ನಾನ ಮಾಡಿದರು.

ಜೋಡಿಸಿದವರನ್ನು ಕರೆದರೆ ‘ಹೊಸತರಲ್ಲಿ ಹಾಗೆಯೇ, ಆಮೇಲೆ ಸರಿಯಾಗುತ್ತದೆ’ ಎಂದರು. ಕೊನೆಗೆ ಬಂದವರು ಊರಿನ ಹಿರಿಯ ಮೇಸ್ತ್ರಿಗಳು. ಟಾರ್ಚ್ ಬಿಟ್ಟು ಒಳಗೆ ನೋಡಿ, ‘ಇದನ್ನು ಯಾರು ಮಾರಾಯ್ರೇ ಹೀಗೆ ಹೂತಿಟ್ಟದ್ದು?’ ಎಂದು ಕೇಳಿದರು. ಬಿಡುವು ಬೇಕಾದ ಕಡೆಯಲ್ಲೆಲ್ಲ ಬಿಗಿ, ಬಿಗಿ ಬೇಕಾದ ಕಡೆಯಲ್ಲಿ ಬಿಡುವು. ನಾನು ಒಂದು ವಾರ ಬರೆದಿಟ್ಟದ್ದೆಲ್ಲ ಅಷ್ಟೇ ಆಗಿತ್ತು.

ಸಿಮೆಂಟು ಒಡೆದು ಪೆಟ್ಟಿಗೆಯನ್ನು ಹೊರಗೆಳೆಯಲು ಒಂದು ದಿನ ಹಿಡಿಯಿತು. ಅಡಿಯಲ್ಲಿ ಮಟ್ಟಗೋಲು ಇಟ್ಟು ಸಮತಟ್ಟಾದ ಕಲ್ಲು ಹಾಸಿದರು. ಎರಡೂ ಬದಿ ಮತ್ತು ಹಿಂದೆ 6 ಮಿ.ಮೀ. ಜಾಗ ಬಿಟ್ಟು, ಮುಂದಿನ ಅಂಚಿನಲ್ಲಿ ಮಾತ್ರ ಬೆಂಕಿ ತಡೆಯುವ ಗ್ಲಾಸ್ ಫೈಬರ್ ಹಗ್ಗವನ್ನು ಸಡಿಲವಾಗಿ ತುಂಬಿದರು. ತಗಡು ಹಿಗ್ಗಿದಾಗ ಅದು ಅದುಮಿಕೊಂಡು ಜಾಗ ಕೊಡುತ್ತದೆ. ಬಾಗಿಲಿನ ಅಂಚಿಗೂ ಅದೇ ಹಗ್ಗ. ಕಾಗದದ ಚೂರೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಸುಲಭವಾಗಿ ಜಾರಿ ಬರಬಾರದು ಎಂಬುದು ಅದರ ಪರೀಕ್ಷೆ. ಹೊಗೆಕೊಳವೆಯನ್ನು ಹಳೆಯ ಚಿಮಣಿಯೊಳಗಿನಿಂದಲೇ ತುದಿಯ ತನಕ ಏರಿಸಿ, ಕೋಡಿಗಿಂತ 2 ಅಡಿ ಮೇಲಕ್ಕೆ ಒಯ್ದು, ಮಳೆನೀರಿಗೆ ಟೊಪ್ಪಿ ಇಟ್ಟೆವು. ಅಂಗಡಿಯವರು ಅಗ್ಗವೆಂದು ಜಿಐ (ಸತುವಿನ ಲೇಪವಿರುವ ಕಬ್ಬಿಣ) ಕೊಳವೆಯನ್ನು ಮುಂದಿಟ್ಟಿದ್ದರು. ಅದರ ಮೇಲಿನ ಸತುವು 420 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅದರ ಹೊಗೆ ಒಳ್ಳೆಯದಲ್ಲ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನದೇ ತಂದೆವು. ಹಂಚು ತೆಗೆದು ಕೂರಿಸಿದ ಜಾಗದಲ್ಲಿ ಮೊದಲ ಜಡಿಮಳೆಗೆ ಎರಡು ಹನಿ ಸೋರಿತು. ಅದನ್ನು ಆಮೇಲೆ ಸರಿಪಡಿಸಿದರು.

ಈಗ ಬೆಂಕಿ ಏರುವಾಗ ಒಂದೆರಡು ಟಕ್ ಕೇಳಿಸುತ್ತದೆ, ಕಬ್ಬಿಣವಾದ್ದರಿಂದ ಅಷ್ಟು ಇರಲೇಬೇಕು. ಬಾಗಿಲಿನ ತಿರುಗಣಿ ಮಾತ್ರ ತೆರೆದಾಗಲೆಲ್ಲ ಕಿರ್ರೆನ್ನುತ್ತದೆ. ಗ್ರೀಸ್ ಹಚ್ಚಲು ಹೋದ ನನ್ನನ್ನು ಅಮ್ಮ ತಡೆದರು. ಮೊಮ್ಮಕ್ಕಳು ಸುಮ್ಮನೆ ಕಟ್ಟಿಗೆ ತುರುಕುತ್ತಿದ್ದರೆ ಅವರಿಗೆ ಅಡುಗೆಮನೆಯಲ್ಲಿ ಕುಳಿತೇ ತಿಳಿಯುತ್ತದಂತೆ.